ಬ್ರೇಕಕ್ಕನ ಸರ್ವರ್ ಸಂಸಾರ

ಊರಿನ ಅರ್ಧಕ್ಕರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು ಬ್ರೇಕಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಅದೀಗ ಅವಳ ಲೈಸೆನ್ಸಿನಲ್ಲಿ ಮಾತ್ರ ಉಳಿದಿದೆ. ಕಲಿಯುವವರ ಕಾಲು ಬ್ರೇಕಿನ ಮೇಲೆ ಹೋಗುವುದು ಚೂರು ತಡವಾದರೆ ಸಾಕು, "ಬ್ರೇಕು! ಬ್ರೇಕು!" ಎಂದು ಅವಳು ಹಾಕುವ ಕೂಗಿಗೆ ಪಕ್ಕದ ರಸ್ತೆಯ ಲಾರಿಯೂ ನಿಲ್ಲುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ. ಅವಳ ಕೈಯಲ್ಲಿ ಕಲಿತವರು ಯಾರೂ ಇದುವರೆಗೆ ಕಂಬಕ್ಕೆ ಗುದ್ದಿಲ್ಲ. ಒಬ್ಬ ಗುದ್ದಿದ್ದಾನೆ, ಆದರೆ ಅವನು ಫೀಸು ಪೂರ್ತಿ ಕೊಟ್ಟಿರಲಿಲ್ಲ.

ಈ ಬ್ರೇಕಕ್ಕನಿಗೆ ಇನ್ನೊಂದು ಸಂಸಾರವೂ ಇದೆ. ಗಾಬರಿಯಾಗಬೇಡಿ, ಗಂಡ ಒಬ್ಬನೇ. ಆ ಇನ್ನೊಂದು ಸಂಸಾರ ಎಂದರೆ ಒಂದು ಸರ್ವರ್. ಎಲ್ಲೋ ದೂರದ ಕಟ್ಟಡವೊಂದರಲ್ಲಿ, ನೂರಾರು ಯಂತ್ರಗಳ ಸಾಲಿನಲ್ಲಿ ಬಾಡಿಗೆಗೆ ಕೂತಿರುವ ಕಂಪ್ಯೂಟರು. ಅದರ ಮುಖ ಹೇಗಿದೆಯೆಂದು ಅವಳು ಇವತ್ತಿನವರೆಗೂ ಕಂಡವಳಲ್ಲ. ಆದರೂ ಅದಕ್ಕೆ ನೆಗಡಿಯಾದರೆ ಸೀನುವವಳು ಇವಳು. ಒಬ್ಬ ಕಲಿಯುವವನು ಇಳಿದು ಇನ್ನೊಬ್ಬ ಹತ್ತುವುದರೊಳಗೆ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಹೊಟ್ಟೆ ತುಂಬಿತೋ, ಮೈ ಬಿಸಿಯಾಯಿತೋ, ಯಾರಾದರೂ ಕಳ್ಳರು ಬಾಗಿಲು ತಟ್ಟುತ್ತಿದ್ದಾರೋ ಎಂದು ನೋಡಿ ಮುಚ್ಚಿಡುತ್ತಾಳೆ. ಇದಕ್ಕೆ ಅವಳಿಗೆ ಸಂಬಳವಿಲ್ಲ. ಸಂಬಳ ಹಾಳಾಗಲಿ, ಒಂದು ಥ್ಯಾಂಕ್ಸ್ ಕೂಡ ಇಲ್ಲ.

ಈ ಉಸಾಬರಿ ಅವಳ ತಲೆಗೆ ಕಟ್ಟಿಕೊಂಡದ್ದು ಹೀಗೆ. ಅಪ್ಪನ ಡ್ರೈವಿಂಗ್ ಸ್ಕೂಲಿಗೆ ಬಂದು ಕೂರುವ ಮೊದಲು ಅವಳು ಕಂಪ್ಯೂಟರ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಬಂದ ಗಿರಾಕಿಯೊಬ್ಬ ತನ್ನ ಫೋನಿಗೆ ಒಂದು ಸಾಫ್ಟ್‌ವೇರ್ ಹಾಕಿಕೊಡಿ ಎಂದ. ಮಾತು ಹೋದವರಿಗೆ, ಹೋಗಲಿರುವವರಿಗೆ ಮಾಡಿದ್ದು ಅದು. ಗಂಟಲು ಸರಿಯಿರುವಾಗಲೇ ಒಂದಷ್ಟು ವಾಕ್ಯ ಓದಿ ದಾಖಲಿಸಿಡಬೇಕು. ಸರ್ವರ್ ಅದನ್ನೆಲ್ಲ ದಿನಗಟ್ಟಲೆ ಅರೆದು ಕುಡಿದು, ಆ ಮನುಷ್ಯನ ದನಿಯನ್ನೇ ತಯಾರುಮಾಡಿ ಫೋನಿಗೆ ಕಳಿಸುತ್ತದೆ. ಆಮೇಲೆ ಟೈಪ್ ಮಾಡಿದರೆ ಫೋನು ಅವನ ದನಿಯಲ್ಲೇ ಮಾತಾಡುತ್ತದೆ. ಇದನ್ನು ಬರೆದವರು ಬೇರೆ ಊರಿನ ಒಬ್ಬ ನಿವೃತ್ತ ವಿಜ್ಞಾನದ ಮೇಷ್ಟ್ರು. ಕಾಸಿಲ್ಲ, ಬೀಗವಿಲ್ಲ, ಯಾರು ಬೇಕಾದರೂ ತಗೊಳ್ಳಿ, ಒಳಗೆ ಬಿಚ್ಚಿ ನೋಡಿ, ತಿದ್ದಿ, ಇನ್ನೊಬ್ಬರಿಗೆ ಕೊಡಿ ಎಂದು ಬಿಟ್ಟಿದ್ದರು. ಒಳ್ಳೆಯದೇ. ಆದರೆ ಅವರ ಪುಟ ತೆರೆಯುವಷ್ಟರಲ್ಲಿ ಬ್ರೇಕಕ್ಕನಿಗೆ ಆಕಳಿಕೆ ಬಂತು. ಸಿಟ್ಟಿನಲ್ಲಿ, "ನಿಮ್ಮ ಸರ್ವರನ್ನ ಯಾರ್ರೀ ನೋಡ್ಕೊಳ್ಳೋದು? ಮಲಗಿದಾರಾ?" ಎಂದು ಬರೆದು ಹಾಕಿದಳು.

ಆ ಜನರಲ್ಲಿ ಒಂದು ಪದ್ಧತಿ ಇದೆ, ಪಾಪ, ಅವಳಿಗೆ ಗೊತ್ತಿರಲಿಲ್ಲ. ಯಾರು ದೂರು ಹೇಳುತ್ತಾರೋ ಕೆಲಸ ಅವರಿಗೇ. ಮಾರನೆಯ ದಿನವೇ ಮೇಷ್ಟ್ರ ಉತ್ತರ ಬಂತು: "ಯಾರೂ ನೋಡಿಕೊಳ್ಳುತ್ತಿಲ್ಲ ತಾಯಿ. ತಪ್ಪು ಕಂಡುಹಿಡಿದಿದ್ದೀರಿ, ಬಹಳ ಸಂತೋಷ. ಇಗೋ ಕೀಲಿಕೈ." ಅಂದು ಕೈಗೆ ಬಂದ ಕೀಲಿಕೈ ಇಂದಿಗೂ ಅವಳ ಕೊರಳಿಗೇ ಇದೆ.

ಮೇಷ್ಟ್ರು ಮಹಾ ಸ್ವಾಭಿಮಾನಿ. ದೊಡ್ಡ ಕಂಪನಿಗಳ ಹಂಗು ಬೇಡ ಎಂದು ಎಲ್ಲವನ್ನೂ ತಮ್ಮ ಸರ್ವರಿನಲ್ಲೇ ಇಟ್ಟುಕೊಂಡಿದ್ದರು. ಅಂಚೆ ಅಲ್ಲೇ, ಹರಟೆಕಟ್ಟೆ ಅಲ್ಲೇ, ಬಳಕೆದಾರರ ವಿಳಾಸಗಳು ಅಲ್ಲೇ, ಚಂದಾ ಕೊಡುವ ಪುಟವೂ ಅಲ್ಲೇ. ಚಂದಾ ಅಂದೆನಲ್ಲ, ಅದೊಂದು ನಾಚಿಕೆಗೇಡು. ಪುಟದ ತಳದಲ್ಲಿ, ಇರುವೆ ಓದುವಂಥ ಅಕ್ಷರದಲ್ಲಿ, "ಇಷ್ಟವಿದ್ದರೆ ಸಹಾಯ ಮಾಡಬಹುದು" ಎಂದು ಒಂದು ಸಾಲು. ದನಿ ಒಮ್ಮೆ ಫೋನಿಗೆ ಇಳಿದರೆ ಆಮೇಲೆ ಸರ್ವರಿನ ಹಂಗಿಲ್ಲ, ಹಾಗಾಗಿ ಆ ಕಡೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಯಾವುದೋ ಕಂಪನಿ ಇದೇ ಸಾಫ್ಟ್‌ವೇರಿಗೆ ಹೊಸ ಬಣ್ಣ ಬಳಿದು ಆಸ್ಪತ್ರೆಗಳಿಗೆ ಮಾರುತ್ತಿತ್ತು, ಒಂದು ಬಿಡಿಗಾಸು ಇತ್ತ ಕಳಿಸಿರಲಿಲ್ಲ. "ನಿಯಮದ ಪ್ರಕಾರ ಅವರದು ತಪ್ಪಲ್ಲಮ್ಮ" ಎನ್ನುತ್ತಿದ್ದರು ಮೇಷ್ಟ್ರು. ನಿಯಮಕ್ಕೆ ಬೆಂಕಿ ಬೀಳಲಿ ಎನ್ನುತ್ತಿದ್ದಳು ಬ್ರೇಕಕ್ಕ. ಕೊನೆಗೆ ಬಾಡಿಗೆ ಮೇಷ್ಟ್ರ ಪಿಂಚಣಿಯಿಂದಲೇ, ಅವರ ಬ್ಯಾಂಕ್ ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಕಡಿತವಾಗುತ್ತಿತ್ತು.

ಇನ್ನು ಅವಳ ಗಂಡನ ವಿಷಯ. ಅವನು ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಅವನ ಗಂಟಲೇ ಅವನ ಅಂಗಡಿ. ಬೆಳಗಿನ ಗದ್ದಲದಲ್ಲಿ ಅವನು ಒಂದು ಮೂಟೆಯ ಮೇಲೆ ಹತ್ತಿ ನಿಂತು ದರ ಕೂಗಿದರೆ ಗೇಟಿನಾಚೆ ಹಲ್ಲುಜ್ಜುತ್ತಿದ್ದವನಿಗೂ ಈರುಳ್ಳಿ ರೇಟು ಗೊತ್ತಾಗುತ್ತಿತ್ತು. ಹೆಂಡತಿ ಬ್ರೇಕು ಬ್ರೇಕು ಅಂತ, ಗಂಡ ಒಂದು ಸಲ ಎರಡು ಸಲ ಅಂತ. ಈ ಮನೆಯ ಪಕ್ಕದವರು ಟಿವಿ ಕೊಳ್ಳದೆ ಕಾಲ ಹಾಕಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆ ಗಂಟಲಿಗೇ ಗಂಟು ಬಂತು. ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ: ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು. ಇಬ್ಬರೂ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಅವನೇ ಮೊದಲು ಬಾಯಿಬಿಟ್ಟ. "ನಿನ್ನ ಡಬ್ಬಾ ಇದೆಯಲ್ಲ, ಅದರಲ್ಲಿ ನನ್ನದೂ ಹಾಕಿಬಿಡು. ಇಷ್ಟು ವರ್ಷ ಬಿಟ್ಟಿ ಕೆಲಸ ಮಾಡಿದೀಯ, ಒಂದು ಗಂಟಲು ಕೊಡಲ್ವಾ ಅವರು?"

ಆಪರೇಷನ್ನಿನ ಹಿಂದಿನ ವಾರ ಅವನು ಕೂತು ದಾಖಲಿಸಿದ. ಪಟ್ಟಿಯಲ್ಲಿದ್ದ ವಾಕ್ಯಗಳನ್ನೆಲ್ಲ ಓದಿ ಮುಗಿಸಿ, ಇಷ್ಟೇನಾ ಎಂದ. ಹರಾಜಿನವನಿಗೆ ಮೈಕು ಕೊಟ್ಟು ಸಾಕು ಎಂದರೆ ಕೇಳುತ್ತಾನೆಯೇ? ದರ ಕೂಗಿದ, ಹಳೆ ಜೋಕು ಹೇಳಿದ, ಮದುವೆಯ ಹೊಸತರಲ್ಲಿ ಹಾಡುತ್ತಿದ್ದ ಹಾಡುಗಳನ್ನೆಲ್ಲ ಹಾಡಿದ. ರಾಗ ಒಂದು ಕಡೆ, ತಾಳ ಇನ್ನೊಂದು ಕಡೆ. ಅವಳು ಬಾಗಿಲ ಹಿಂದೆ ನಿಂತು ಕೇಳಿದಳು. ಸಾಕು ಮಾಡಿ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ.

ಎಡವಟ್ಟಾದದ್ದು ಅಲ್ಲೇ. ಸರ್ವರಿನ ಡಿಸ್ಕಿನಲ್ಲಿ ಮೊದಲೇ ಜಾಗ ಅಷ್ಟಕ್ಕಷ್ಟೇ. ಅವನ ಹಾಡುಗಳು ಹೋಗಿ ಕೂತದ್ದೇ ಅದು ಕಂಠಮಟ್ಟ ತುಂಬಿತು. ಡಿಸ್ಕು ತುಂಬಿದರೆ ಎಚ್ಚರಿಸಬೇಕೆಂದು ಬ್ರೇಕಕ್ಕನೇ ಒಂದು ವ್ಯವಸ್ಥೆ ಮಾಡಿದ್ದಳು, ಅದು ಕೂಡಲೇ ಅವಳಿಗೆ ಮಿಂಚಂಚೆ ಕಳಿಸುತ್ತದೆ. ಯಾವ ಅಂಚೆಪೆಟ್ಟಿಗೆಗೆ? ಅದೇ ಸರ್ವರಿನಲ್ಲಿರುವ ಅಂಚೆಪೆಟ್ಟಿಗೆಗೆ. ಅಲ್ಲಿ ಕಾಗದ ಇಡಲು ಜಾಗವಿದ್ದರಲ್ಲವೇ! ಎಚ್ಚರಿಕೆ ಬಾಗಿಲಲ್ಲೇ ನಿಂತು ವಾಪಸಾಯಿತು. ಇತ್ತ ಬ್ಯಾಂಕಿನವರು ಮೇಷ್ಟ್ರಿಗೆ ಹೊಸ ಕಾರ್ಡು ಕೊಟ್ಟಿದ್ದರು, ಹಳೆಯದು ಸತ್ತಿತ್ತು, ಬಾಡಿಗೆ ಕಡಿತವಾಗುವುದು ನಿಂತಿತ್ತು. ಸರ್ವರ್ ಬಾಡಿಗೆ ಕಂಪನಿಯವರು ನೆನಪೋಲೆಯ ಮೇಲೆ ನೆನಪೋಲೆ ಕಳಿಸಿದರು. ಅವೂ ಅದೇ ಪೆಟ್ಟಿಗೆಗೆ, ಅವೂ ವಾಪಸು. ಅವಳು ಆ ದಿನಗಳಲ್ಲಿ ಆಸ್ಪತ್ರೆಯ ಕಾರಿಡಾರಿನಲ್ಲಿ ಫ್ಲಾಸ್ಕು ಹಿಡಿದು ಓಡಾಡುತ್ತಿದ್ದಳು. ಸರ್ವರ್ ಅವಳಿಗೆ ನೆನಪಾದರೆ ತಾನೇ.

ಗಂಡ ಬದುಕಿ ಮನೆಗೆ ಬಂದ. ಕತ್ತಿನಲ್ಲೊಂದು ತೂತು, ಕೈಯಲ್ಲೊಂದು ಸ್ಲೇಟು. ಮಾತಿಲ್ಲ. ಸ್ವಲ್ಪ ಚೇತರಿಸಿಕೊಂಡ ಮೇಲೆ ಅವನ ದನಿಯ ಸರದಿ ಎಲ್ಲಿಗೆ ಬಂತು ನೋಡೋಣ ಎಂದು ಒಂದು ಮಂಗಳವಾರ ಅವಳು ಲ್ಯಾಪ್‌ಟಾಪ್ ತೆರೆದರೆ ಸರ್ವರೇ ಇಲ್ಲ. ಪುಟವಿಲ್ಲ, ಅಂಚೆಯಿಲ್ಲ, ಏನೆಂದರೆ ಏನೂ ಇಲ್ಲ. ಕೂಡಲೇ ಬಾಡಿಗೆ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದಳು.

"ಬಾಡಿಗೆ ಬಾಕಿ ಇದೆ ಮೇಡಂ, ಯಂತ್ರ ಆಫ್ ಮಾಡಿದೀವಿ" ಎಂದ ಆ ಕಡೆಯವನು, ಬಹಳ ಸಭ್ಯ ದನಿಯಲ್ಲಿ. "ಸೋಮವಾರ ಅದರಲ್ಲಿರೋದನ್ನ ಅಳಿಸಿ ಬೇರೆಯವರಿಗೆ ಕೊಡ್ತೀವಿ."

"ಅಯ್ಯೋ, ಅದರಲ್ಲಿ ಜನರ ದನಿ ಇದೆ ಕಣಪ್ಪ! ಒಂದು ಗಂಟೆ ಆನ್ ಮಾಡು, ಇಳಿಸ್ಕೋತೀನಿ."

"ನೀವೇ ಮಾಲೀಕರು ಅಂತ ಖಾತ್ರಿ ಆಗ್ಬೇಕು ಮೇಡಂ. ನಿಮ್ಮ ಮೇಲ್‌ಗೆ ಒಂದು ಕೋಡ್ ಕಳಿಸಿದೀನಿ, ಅದನ್ನ ಹೇಳಿ."

"ಆ ಮೇಲ್ ಇರೋದೇ ನೀನು ಆಫ್ ಮಾಡಿರೋ ಯಂತ್ರದೊಳಗೆ!"

"ಹೌದು ಮೇಡಂ, ಅಲ್ಲೇ ನೋಡಿ."

ಬ್ರೇಕಕ್ಕನಿಗೆ ಜೀವಮಾನದಲ್ಲಿ ಮೊದಲ ಸಲ ಬಯ್ಯಲು ಪದ ಸಿಗಲಿಲ್ಲ. ಆಮೇಲೆ ಸಿಕ್ಕಿದವು, ಅವನ್ನು ಇಲ್ಲಿ ಬರೆಯುವಂತಿಲ್ಲ. ಅವನು ಪಾಪ ಎಲ್ಲ ಕೇಳಿಸಿಕೊಂಡು, ಕೊನೆಗೆ ಇನ್ನೊಂದು ದಾರಿ ಹೇಳಿದ. ಬಾಕಿಯೆಲ್ಲ ಕಟ್ಟಿ, ಮೇಲೆ ಒಂದು ವರ್ಷದ ಬಾಡಿಗೆ ಮುಂಗಡ ಹಾಕಿದರೆ ಕೋಡೂ ಬೇಡ ಗೀಡೂ ಬೇಡ, ಯಂತ್ರ ತಾನಾಗಿ ಏಳುತ್ತದೆ.

ಬ್ಯಾಕಪ್ ಇಟ್ಟಿರಲಿಲ್ಲವೇ ಎಂದು ತಿಳಿದವರು ಕೇಳಬಹುದು. ಇಟ್ಟಿದ್ದಳು ಸ್ವಾಮಿ, ಅಷ್ಟು ದಡ್ಡಿಯಲ್ಲ. ಅದೇ ಕಂಪನಿಯಲ್ಲಿ, ಅದೇ ಬಿಲ್ಲಿನ ಮೇಲೆ ಬಾಡಿಗೆಗೆ ಹಿಡಿದ ಇನ್ನೊಂದು ಯಂತ್ರದಲ್ಲಿ. ಅದೂ ಆಫ್.

ಗಂಡನ ದನಿ ಬೇರೆಲ್ಲೂ ಇರಲಿಲ್ಲ. ಅವನು ಓದಿದ್ದೆಲ್ಲ ನೇರ ಸರ್ವರಿಗೇ ಹೋಗಿತ್ತು. ಮನೆಯಲ್ಲಿ ಹಳೆಯ ಫೋಟೋಗಳಿದ್ದವು, ಅವು ಮಾತಾಡುವುದಿಲ್ಲ. ಅವಳು ಸ್ಲೇಟಿನ ಮುಂದೆ ಕೂತು ಎಲ್ಲ ಹೇಳಿದಳು, ಡಿಸ್ಕು ತುಂಬಿದ್ದನ್ನೂ ಸೇರಿಸಿ. ಅವನು ಬಳಪ ಹಿಡಿದು ಯೋಚಿಸಿ, "ಆ ಕೊನೇ ಹಾಡು ಹಾಡಬಾರದಿತ್ತು" ಎಂದು ಬರೆದ. ಅವಳಿಗೆ ನಗುವೂ ಬಂತು, ಅಳುವೂ ಬಂತು. ಸ್ಲೇಟು ಒರೆಸುವ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡಳು.

ಆಸ್ಪತ್ರೆ ಅವರ ಉಳಿತಾಯವನ್ನೆಲ್ಲ ನುಂಗಿ ನೀರು ಕುಡಿದಿತ್ತು. ಮೇಷ್ಟ್ರು ಹೊಸ ಕಾರ್ಡಿನಿಂದ ತಮ್ಮ ಕೈಲಾದದ್ದು ಹಾಕಿದರು, ಬಾಕಿ ತೀರಿತು, ಮುಂಗಡ ಕಟ್ಟುವುದು ಹಾಗೇ ಉಳಿಯಿತು. ಬಳಕೆದಾರರನ್ನು ಕೇಳೋಣ ಎಂದರೆ ಕೇಳುವ ಪುಟ ಸರ್ವರಿನಲ್ಲಿ, ಅವರ ವಿಳಾಸ ಸರ್ವರಿನಲ್ಲಿ. "ಯಾರ ಹಂಗೂ ಬೇಡ ಅಂತಿದ್ರಲ್ಲ ಮೇಷ್ಟ್ರೇ, ಈಗ ಹಂಗಿಗೆ ಒಬ್ಬರೂ ಸಿಕ್ತಿಲ್ಲ" ಎಂದಳು ಬ್ರೇಕಕ್ಕ ಫೋನಿನಲ್ಲಿ. ಅಂದ ಮೇಲೆ ಅವಳಿಗೇ ಪಾಪ ಅನ್ನಿಸಿತು. ಆದರೂ ಇನ್ನೆರಡು ಮಾತು ಸೇರಿಸಿಯೇ ಇಟ್ಟಳು.

ಗುರುವಾರ ಬೆಳಿಗ್ಗೆ ಕನ್ನಡಕದಂಗಡಿ ಮೇಡಮ್ಮಿಗೆ ಪಾಠ. ಈಕೆಗೆ ಬಲಕ್ಕೆ ತಿರುಗುವುದೆಂದರೆ ಜೀವ ಹೋಗುತ್ತದೆ, ಎಡಕ್ಕೆ ಎಡಕ್ಕೆ ತಿರುಗಿಕೊಂಡೇ ಎಲ್ಲಿಗೆ ಬೇಕಾದರೂ ಹೋಗುತ್ತೇನೆ ಎನ್ನುವವಳು. ಅಷ್ಟರಲ್ಲಿ ಬ್ರೇಕಕ್ಕನ ಫೋನು ಬಡಿದುಕೊಂಡಿತು. ಹಲೋ ಎಂದಳು. ಸದ್ದಿಲ್ಲ. ಹಲೋ ಹಲೋ ಎಂದಳು. ಸ್ವಲ್ಪ ತಡೆದು, "ನಮಸ್ಕಾರ. ದಯವಿಟ್ಟು..." ಎಂದು ಒಂದು ಸಮತಟ್ಟು ದನಿ ಶುರುವಾಯಿತು. ಸಾಲ ಬೇಕಾ, ವಿಮೆ ಬೇಕಾ ಎಂದು ತಲೆ ತಿನ್ನುವ ಯಂತ್ರದ ಕರೆ! ಕಟ್ ಮಾಡಿದಳು. ಮತ್ತೆ ಬಂತು, ಮತ್ತೆ ಕಟ್. ಮೂರನೆಯ ಸಲ ಬಂದಾಗ ಉಗಿಯಲೆಂದೇ ಎತ್ತಿದಳು, ಈ ಸಲ ಆ ದನಿ ತಯಾರಾಗಿ ಕಾದಿತ್ತು.

"ಕಟ್ ಮಾಡ್ಬೇಡಿ ಮೇಡಂ. ನಾನು ಮನುಷ್ಯನೇ."

"ಬ್ರೇಕು!" ಎಂದಳು ಬ್ರೇಕಕ್ಕ. ಕನ್ನಡಕದಂಗಡಿ ಮೇಡಂ ಎಲ್ಲವನ್ನೂ ಒಟ್ಟಿಗೆ ತುಳಿದಳು. ಕಾರು ರಸ್ತೆಬದಿಯಲ್ಲಿ ಕೆಮ್ಮಿ ನಿಂತಿತು.

ಅವನೊಬ್ಬ ಬಡಗಿ. ಅವಳ ಗಂಡನಿಗಾದ ಆಪರೇಷನ್ನೇ ಅವನಿಗೂ ಆಗಿತ್ತು. ಒಂದು ಫೋನಿನ ಬಾಯಿಗೆ ಇನ್ನೊಂದು ಫೋನು ಹಿಡಿದು, ಒಂದೊಂದೇ ಸಾಲು ಟೈಪ್ ಮಾಡುತ್ತಾ ಮಾತಾಡುತ್ತಿದ್ದ. ತನ್ನ ಗೆಳೆಯನೊಬ್ಬನಿಗೆ ದನಿ ಮಾಡಿಸಲು ಹೋದರೆ ಪುಟ ತೆರೆಯುತ್ತಿಲ್ಲ, ಸಾಫ್ಟ್‌ವೇರಿನ ಮೂಲೆಯಲ್ಲಿ ಈ ನಂಬರು ಇತ್ತು, ಅದಕ್ಕೇ ಮಾಡಿದೆ ಎಂದ. ಆ ನಂಬರನ್ನು ಹಿಂದೆಂದೋ ಮೇಷ್ಟ್ರು ಕೇಳಿದರೆಂದು ಇವಳೇ ಕೊಟ್ಟದ್ದು. ಮಾತು ಬಾರದವರು ಫೋನ್ ಮಾಡುತ್ತಾರಾ ಎಂದು ಕೊಟ್ಟ ದಿನವೇ ಮರೆತಿದ್ದಳು.

ಅವನ ದನಿ ಸಮತಟ್ಟಾಗಿತ್ತು ಅಂದೆನಲ್ಲ, ಗಮನವಿಟ್ಟು ಕೇಳಿದರೆ ಹಾಗಿರಲಿಲ್ಲ. ಸ್ವಲ್ಪ ಗೊರಗೊರ, ಸಾಲಿನ ಕೊನೆಯಲ್ಲೊಂದು ಎಳೆತ. ಯಾರೋ ಒಬ್ಬ ಮನುಷ್ಯನ ದನಿ, ಬೇರೆ ಯಾರದೂ ಅಲ್ಲ. ಇಷ್ಟು ವರ್ಷ ಸರ್ವರಿನ ಕಸ ಗುಡಿಸಿದಳಲ್ಲ, ಅಲ್ಲಿಂದ ಹೊರಟ ಒಂದು ದನಿಯನ್ನೂ ಅವಳು ಕಿವಿಯಾರೆ ಕೇಳಿರಲಿಲ್ಲ.

ಏನಾಗಿದೆ ಎಂದು ಅವನು ಕೇಳಿದ. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ತನ್ನ ಗಂಡನ ದನಿಯೂ ಅದರಲ್ಲೇ ಇದೆ ಎಂದಳು. ಆ ಕಡೆ ಬಹಳ ಹೊತ್ತು ಸದ್ದಿಲ್ಲ, ಟೈಪ್ ಮಾಡುತ್ತಿದ್ದಾನೆ ಎಂದು ಈಗ ಅವಳಿಗೆ ಗೊತ್ತಿತ್ತು, ಕಾದಳು.

"ಇಷ್ಟು ದಿನ ಯಾಕೆ ಕೇಳಲಿಲ್ಲ ನೀವು? ಕೇಳೋಕೆ ಬಾಯಿಲ್ವಾ ನಿಮಗೆ?"

ಕನ್ನಡಕದಂಗಡಿ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಬ್ರೇಕಕ್ಕ ಜೋರಾಗಿ ನಕ್ಕಳು, ನಕ್ಕು ನಕ್ಕು ಕಣ್ಣೀರು ಬಂತು, ಆಮೇಲೆ ಅದು ಬರೀ ಕಣ್ಣೀರೇ ಆಯಿತು. "ಇರ್ಲಿಲ್ಲಪ್ಪ, ತಪ್ಪಾಯ್ತು" ಎಂದಳು. "ಈಗ ಕೇಳ್ತಿದೀನಿ. ಸೋಮವಾರದೊಳಗೆ ಬೇಕು."

ಬಡಗಿಗೆ ತನ್ನಂಥವರ ಒಂದು ಗುಂಪಿತ್ತು. ಆ ಗುಂಪಿನವರಿಗೆ ಇನ್ನೊಂದು ಗುಂಪು. ಮಧ್ಯಾಹ್ನದ ಹೊತ್ತಿಗೆ ಬ್ರೇಕಕ್ಕನ ಫೋನಿಗೆ ಪುರುಸೊತ್ತಿಲ್ಲ. ಹಾಡು ಕಲಿಸುತ್ತಿದ್ದವಳೊಬ್ಬಳು, ವಕೀಲನೊಬ್ಬ, ಮೊಮ್ಮಗಳಿಗೆ ಕತೆ ಹೇಳಲು ದನಿ ಮಾಡಿಸಿಕೊಂಡ ಅಜ್ಜಿಯೊಬ್ಬರು. ಎಲ್ಲರೂ ಮೊದಲು ಒಂದು ಗಳಿಗೆ ಮೌನ, ಆಮೇಲೆ ತಮ್ಮ ತಮ್ಮ ದನಿಯಲ್ಲಿ ಮಾತು. ಕೊಟ್ಟವರಲ್ಲಿ ಹೆಚ್ಚಿನವರದು ಚಿಕ್ಕ ಮೊತ್ತ. ಬಯ್ದವರೇ ಹೆಚ್ಚು. "ನಾವೇನು ಸತ್ತಿದ್ವಾ?" ಎಂದು ಅಜ್ಜಿ ಗದರಿದರು. ಇಡೀ ದಿನ ಬೈಸಿಕೊಂಡ ಬ್ರೇಕಕ್ಕನ ಮುಖ ಅಷ್ಟು ಅರಳಿದ್ದನ್ನು ಯಾರೂ ಕಂಡಿರಲಿಲ್ಲ. ಕನ್ನಡಕದಂಗಡಿ ಮೇಡಂ ಅಂಗಡಿಗೆ ಹೋಗದೆ ಪಕ್ಕದಲ್ಲೇ ಕೂತು, ಬ್ರೇಕಕ್ಕ ಬಾಯಿ ಒಣಗಿಸಿಕೊಂಡಾಗಲೆಲ್ಲ ಫೋನು ಎತ್ತಿದಳು. ನಡುವೆ ಯಾರೋ ಒಬ್ಬ ಗಂಟಲಿರುವವನೇ ಫೋನ್ ಮಾಡಿ ಕಾರು ಕಲಿಯಬೇಕು ಎಂದ. ಆಮೇಲೆ ಮಾಡಿ, ಈಗ ಬಿಡುವಿಲ್ಲ ಎಂದುಬಿಟ್ಟಳು.

ಶನಿವಾರ ಮುಂಗಡ ಕಟ್ಟಿದರು, ಯಂತ್ರ ಎದ್ದಿತು. ಬ್ರೇಕಕ್ಕ ಗಂಡನ ಕಡತ ತೆರೆದಳು. ಪಟ್ಟಿಯ ವಾಕ್ಯಗಳೆಲ್ಲ ಇದ್ದವು. ಕೊನೆಯ ಹಾಡು ಮಾತ್ರ ಅರ್ಧಕ್ಕೆ ತುಂಡಾಗಿತ್ತು, ಅದಕ್ಕೆ ಯಾರೂ ಮರುಗಲಿಲ್ಲ.

ಡಿಸ್ಕು ತುಂಬಿದಾಗಿನಿಂದ ದನಿ ಮಾಡುವ ಕೆಲಸವೂ ನಿಂತಿತ್ತು, ಸರದಿಯಲ್ಲಿ ಅವನ ಮುಂದೆ ಬಹಳ ಜನರಿದ್ದರು. "ಮೊದಲು ಯಜಮಾನರದು ಮಾಡ್ಕೊಳ್ಳಮ್ಮ, ಯಾರೂ ಏನೂ ಅನ್ನಲ್ಲ" ಎಂದರು ಮೇಷ್ಟ್ರು. ಅವಳ ಬೆರಳು ಕೀಲಿಯ ಮೇಲೆ ಹೋಗಿದ್ದು ನಿಜ, ಒಂದು ಸಲ ಅಲ್ಲ. ಆದರೆ ಆ ಸಾಲಿನಲ್ಲಿದ್ದವರು ಈಗ ಅವಳಿಗೆ ಬರೀ ಕಡತಗಳಾಗಿ ಕಾಣುತ್ತಿರಲಿಲ್ಲ. "ಬೇಡ ಮೇಷ್ಟ್ರೇ, ಎಲ್ಲರ ಮನೇಲೂ ಒಬ್ಬರು ಕಾಯ್ತಿರ್ತಾರೆ" ಎಂದಳು. ಕಾದರು. ಅಷ್ಟರಲ್ಲಿ ಅಂಚೆ ಒಂದು ಕಡೆ, ಬ್ಯಾಕಪ್ ಇನ್ನೊಂದು ಕಡೆ, ಚಂದಾ ಪುಟ ಮತ್ತೊಂದು ಕಡೆ ಎಂದು ಎಲ್ಲವನ್ನೂ ಬೇರೆ ಬೇರೆ ಕಂಪನಿಗಳಿಗೆ ಹಂಚಿ ಡಿಸ್ಕಿನಲ್ಲಿ ಜಾಗ ಮಾಡಿದಳು. ಮೇಷ್ಟ್ರ ಸ್ವಾಭಿಮಾನಕ್ಕೆ ನೋವಾಯಿತು, ಆಗಲಿ. ಇರುವೆ ಓದುತ್ತಿದ್ದ ಸಾಲು ಪುಟದ ನೆತ್ತಿಗೆ ಏರಿತು, ಆನೆಗಾತ್ರದ ಅಕ್ಷರದಲ್ಲಿ.

ಗಂಡನ ದನಿ ಬಂದದ್ದು ಒಂದು ಭಾನುವಾರ. ಅವಳೇ ಫೋನಿಗೆ ಹಾಕಿಕೊಟ್ಟು, "ಮಾತಾಡ್ರಿ" ಎಂದು ಎದುರಿಗೆ ಕೂತಳು. ಅವನು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ, ಏನೂ ಟೈಪ್ ಮಾಡಲಿಲ್ಲ. ಸಾವಿರ ಜನರೆದುರು ಕೂಗಿದವನಿಗೆ ಹೆಂಡತಿಯೊಬ್ಬಳ ಎದುರು ನಾಚಿಕೆ. ಅಥವಾ ಭಯವೋ ಏನೋ. ಅವಳಿಗೂ ಭಯವೇ, ಆ ದನಿ ಅವನದಾಗಿರದಿದ್ದರೆ? ಕೂರಲಾರದೆ ಎದ್ದುಹೋಗಿ, ಗೋಡೆಯ ಕಡೆ ಮುಖ ಮಾಡಿ ಬಟ್ಟೆ ಇಸ್ತ್ರಿ ಮಾಡಲು ನಿಂತಳು, ಇಸ್ತ್ರಿಯ ಜೊತೆಗೆ ಬೈಗುಳವೂ ಶುರುವಾಯಿತು. ಆ ಹಾಡುಗಳು ಯಾಕೆ ಬೇಕಿತ್ತು, ಆ ಜೋಕಿಗೆ ಯಾರಾದರೂ ನಗುತ್ತಾರಾ, ನಿಮ್ಮಿಂದಲೇ ಡಿಸ್ಕು ತುಂಬಿದ್ದು, ಊರಿನವರ ಕೈಲೆಲ್ಲ ನಾನು ಬೈಸಿಕೊಂಡದ್ದು, ಈ ಅಂಗಿಯ ಗುಂಡಿ ಎಲ್ಲಿ. ಸ್ಲೇಟು ಬಂದಾಗಿನಿಂದ ಅವಳ ಬೈಗುಳಕ್ಕೆ ಅಡ್ಡಿಯಿರಲಿಲ್ಲ. ಅವನು ಬರೆದು ತೋರಿಸುವಷ್ಟರಲ್ಲಿ ಅವಳು ಮೂರನೇ ವಿಷಯಕ್ಕೆ ಹೋಗಿರುತ್ತಿದ್ದಳು, ಬೆನ್ನು ತಿರುಗಿಸಿದರಂತೂ ಅದೂ ಇಲ್ಲ. ಮನೆಯಲ್ಲಿ ಇಷ್ಟು ತಿಂಗಳಿಂದ ಅವಳೊಬ್ಬಳದೇ ಮಾತು.

"ಸಾಕು ಸುಮ್ನಿರೇ, ಉಸಿರಾದ್ರೂ ತಗೋ."

"ನೀವು ಸುಮ್ನಿರಿ, ನಂದಿನ್ನೂ ಮುಗಿದಿಲ್ಲ" ಎಂದಳು ಅವಳು, ಮದುವೆಯಾದಾಗಿನಿಂದ ಅನ್ನುತ್ತಿದ್ದ ಹಾಗೇ, ತಿರುಗಿಯೂ ನೋಡದೆ. ಅಂಗಿಯ ತೋಳು ಮಡಚಿದಳು. ಆಮೇಲೆ ಅವಳ ಕೈ ನಿಂತಿತು. ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಇಟ್ಟು, ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇನ್ನೊಂದ್ಸಲ ಅನ್ನಿ" ಎಂದಳು.

ಹಿಂದೆ ಟೈಪ್ ಮಾಡುವ ಸಣ್ಣ ಸದ್ದು.

"ಏನಂತ?"

"ಏನಾದ್ರೂ. ಬಯ್ರಿ ನನ್ನ."